ಕಟ್ಟಿದ ಕ್ರಮವೇ ಲೋಹದ ಗುಣ

ಮಣ್ಣಿನ ಗೋಡೆಯ ಮನೆಗಳು ನಮ್ಮ ಹಳ್ಳಿಗಳಲ್ಲಿ ಇನ್ನೂ ಹೇರಳವಾಗಿದ್ದ ಕಾಲದಲ್ಲಿ, ಗೋಡೆ ಹಾಕುವ ಕೆಲಸವನ್ನು ಬಲ್ಲವನು ಮಣ್ಣನ್ನು ಕಲಸಿ, ತುಳಿಸಿ, ಹದ ನೋಡಿ, ಮೊಳದೆತ್ತರದ ಒಂದು ವರಸೆಯನ್ನು ಮನೆಯ ಸುತ್ತಲೂ ಏರಿಸಿ, ಅನಂತರ ಯಾರೆಷ್ಟು ಅವಸರಪಡಿಸಿದರೂ ಕಿವಿಗೊಡದೆ ಕೆಲಸವನ್ನು ನಿಲ್ಲಿಸಿಬಿಡುತ್ತಿದ್ದನು. ಕೆಳಗಿನ ವರಸೆಯು ತನ್ನ ನೀರನ್ನು ಬಿಟ್ಟು, ಮೇಲಿನ ಭಾರವನ್ನು ಹೊರುವಷ್ಟು ಬಿಗಿದುಕೊಂಡ ಹೊರತು ಮುಂದಿನ ವರಸೆಗೆ ಅವನು ಕೈ ಹಚ್ಚುತ್ತಿರಲಿಲ್ಲ. ಹಾಗೆಂದು ಅದು ಪೂರ್ತಿ ಒಣಗಿ ಬಿರುಕು ಬಿಡುವವರೆಗೂ ಕಾಯುತ್ತಿರಲಿಲ್ಲ, ಏಕೆಂದರೆ ಒಣಗಿ ಹೋದ ಮಣ್ಣಿಗೆ ಹಸಿಮಣ್ಣು ಹಿಡಿಯದು. ಮಣ್ಣು ಅದೇ, ನೀರು ಅದೇ, ಗೋಡೆಯ ಅಳತೆಯೂ ಅದೇ. ಆದರೆ ಎರಡು ವರಸೆಗಳ ನಡುವಣ ಕಾಲವನ್ನು ಅರಿತವನ ಗೋಡೆ ಮೂರು ತಲೆಮಾರು ನಿಂತಿತು, ಅರಿಯದವನದು ಮೊದಲ ಮಳೆಗಾಲಕ್ಕೇ ವಾಲಿತು.

ಈ ಹಳೆಯ ವಿವೇಕವನ್ನು ಇಂದು ನೆನೆಯುವುದಕ್ಕೆ ಕಾರಣವುಂಟು. ಉಕ್ಕು, ಅಲ್ಯೂಮಿನಿಯಂ, ಟೈಟೇನಿಯಂ ಮೊದಲಾದ ಲೋಹಗಳನ್ನು ವಿದ್ಯುಚ್ಚಾಪದ ಬೆಂಕಿಯಲ್ಲಿ ಕರಗಿಸಿ, ಪದರದ ಮೇಲೆ ಪದರವಾಗಿ ಏರಿಸಿ, ಇಡಿಯ ಯಂತ್ರಭಾಗವನ್ನೇ ಬೆಸುಗೆಯಿಂದ ಕಟ್ಟುವ ವಿದ್ಯೆಯೊಂದು ಪ್ರಯೋಗಶಾಲೆಯ ಹೊಸ್ತಿಲನ್ನು ದಾಟಿ ಕಾರ್ಖಾನೆಗಳೊಳಗೆ ಕಾಲಿಡುತ್ತಿದೆ. ಕೆಲಸ ಮಾಡುವವರು ಇದನ್ನು ಚಿಕ್ಕದಾಗಿ ‘ವಾಮ್’ ಎನ್ನುತ್ತಾರೆ. ಪತ್ರಿಕೆಗಳಲ್ಲಿ ಇದು ಲೋಹದ 3ಡಿ ಮುದ್ರಣವೆಂಬ ಹೆಸರಿನಲ್ಲಿ ಕಾಣಿಸಿಕೊಳ್ಳುತ್ತದೆ. ಮುದ್ರಣವೆಂಬ ಈ ಮಾತೇ ನಮ್ಮನ್ನು ತಪ್ಪುದಾರಿಗೆ ಎಳೆಯುತ್ತಿದೆಯೆಂದು ನನಗೆ ತೋರುತ್ತದೆ. ಅಚ್ಚಿನ ಮನೆಯಲ್ಲಿ ಒಂದು ಪುಟವನ್ನು ಯಾವ ಯಂತ್ರದಲ್ಲಿ ಮುದ್ರಿಸಿದರೂ ಅದರ ಅರ್ಥ ಬದಲಾಗುವುದಿಲ್ಲ. ಬೆಸುಗೆಯಿಂದ ಕಟ್ಟಿದ ಲೋಹವಾದರೋ, ಯಾವ ಚಾಪದಿಂದ, ಎಷ್ಟು ಕಾವಿನಲ್ಲಿ, ಯಾವ ದಾರಿಯಲ್ಲಿ, ಎಷ್ಟು ವಿರಾಮ ಕೊಟ್ಟು ಕಟ್ಟಿದೆವೆಂಬುದಕ್ಕೆ ತಕ್ಕಂತೆ ಒಳಗಿಂದಲೇ ಬೇರೆ ಬೇರೆಯಾಗಿಬಿಡುತ್ತದೆ.

ವಿದ್ಯೆ ಹೊಸದೆಂದು ಹೇಳುವುದು ಅರ್ಧ ಸತ್ಯ. ವಿದ್ಯುಚ್ಚಾಪದಿಂದ ಲೋಹಗಳನ್ನು ಬೆಸೆಯುವ ಉಪಾಯವನ್ನು ರಷ್ಯದ ನಿಕೊಲಾಯ್ ಬೆನಾರ್ಡೋಸ್ ಎಂಬಾತನು 1881ರಲ್ಲಿಯೇ ತೋರಿಸಿದ್ದನು. ಅಮೆರಿಕದ ರಾಲ್ಫ್ ಬೇಕರ್ ಎಂಬಾತನು, ಕರಗಿದ ಲೋಹವನ್ನು ಸಾಲುಸಾಲಾಗಿ ಪೇರಿಸಿ ಅಲಂಕಾರದ ಪಾತ್ರೆಗಳನ್ನು ಮಾಡುವ ಕ್ರಮಕ್ಕೆ 1920ರಲ್ಲಿ ಪೇಟೆಂಟ್ ಕೋರಿ 1925ರಲ್ಲಿ ಅದನ್ನು ಪಡೆದನು. ಅನಂತರದ ದೀರ್ಘ ಮೌನವನ್ನು ಮುರಿದವರಲ್ಲಿ ಇಂಗ್ಲೆಂಡಿನ ಕ್ರಾನ್‌ಫೀಲ್ಡ್ ವಿಶ್ವವಿದ್ಯಾಲಯದವರು ಮುಖ್ಯರು. ಯಂತ್ರಮಾನವನ ತೋಳೂ, ಅದನ್ನು ನಡೆಸುವ ಗಣಕವೂ, ಚಾಪವನ್ನು ಕ್ಷಣಕ್ಷಣಕ್ಕೂ ಹತೋಟಿಯಲ್ಲಿಡಬಲ್ಲ ವಿದ್ಯುತ್ ಆಕರವೂ ಒಂದಾಗಿ ದೊರೆತ ಮೇಲೆ, ಬೇಕರನ ಪಾತ್ರೆಯ ಜಾಗದಲ್ಲಿ ಹಡಗಿನ ಪ್ರೊಪೆಲರೂ ಸೇತುವೆಯೂ ಬಂದು ನಿಂತವು. ರೋಟರ್‌ಡ್ಯಾಮ್ ಬಂದರಿನಲ್ಲಿ 2017ರಲ್ಲಿ ನಿಕ್ಕಲ್–ಅಲ್ಯೂಮಿನಿಯಂ ಕಂಚಿನ ತಂತಿಯಿಂದ 298 ಪದರಗಳಲ್ಲಿ ಕಟ್ಟಿದ 1,350 ಮಿಲಿಮೀಟರ್ ವ್ಯಾಸದ ಪ್ರೊಪೆಲರು ಪರಿಶೀಲನಾ ಸಂಸ್ಥೆಯ ಮನ್ನಣೆಯನ್ನು ಪಡೆಯಿತು. ಆಮ್‌ಸ್ಟರ್‌ಡ್ಯಾಮ್ ನಗರದ ಕಾಲುವೆಯೊಂದರ ಮೇಲೆ, ಸುಮಾರು 12 ಮೀಟರ್ ಉದ್ದದ ಸ್ಟೇನ್‌ಲೆಸ್ ಸ್ಟೀಲಿನ ಕಾಲುಸೇತುವೆಯನ್ನು 2021ರ ಜುಲೈ ತಿಂಗಳಲ್ಲಿ ನೆದರ್‌ಲ್ಯಾಂಡ್ಸಿನ ರಾಣಿ ಮ್ಯಾಕ್ಸಿಮಾ ಉದ್ಘಾಟಿಸಿದರು.

ಇವುಗಳ ಚಿತ್ರವನ್ನು ಕಂಡು ಬೆರಗಾಗುವುದು ಸಹಜ. ಆದರೆ ಆ ಬೆರಗಿನಲ್ಲಿ ನಾವು ಆಕಾರವನ್ನು ಮಾತ್ರ ನೋಡುತ್ತೇವೆ. ಆಕಾರವನ್ನು ಕೊಟ್ಟ ಬೆಂಕಿಯನ್ನು ಮರೆಯುತ್ತೇವೆ. ನಮ್ಮ ಖರೀದಿಯ ಕಾಗದಗಳೂ ಇದೇ ಮರೆವಿನಲ್ಲಿ ಬರೆಯಲ್ಪಡುತ್ತಿವೆ: ಡ್ರಾಯಿಂಗಿನಲ್ಲಿ ಅಳತೆಯಿರುತ್ತದೆ, ಲೋಹದ ಹೆಸರಿರುತ್ತದೆ, ಮೇಲ್ಮೈಯ ನಯವೆಷ್ಟಿರಬೇಕೆಂದಿರುತ್ತದೆ, ಕಟ್ಟಿದ ಕ್ರಮದ ಬಗೆಗೆ ಒಂದು ಸಾಲೂ ಇರುವುದಿಲ್ಲ. ಬೆಸುಗೆಯಿಂದ ಕಟ್ಟಿದ ಭಾಗಕ್ಕೆ ಆಕಾರ ಮತ್ತು ಲೋಹ ಎಂಬ ಎರಡು ಲಕ್ಷಣಗಳು ಸಾಲವು, ಕ್ರಮವೆಂಬ ಮೂರನೆಯದನ್ನೂ ಸೇರಿಸಿದಲ್ಲದೆ ಅದರ ವರ್ಣನೆ ಪೂರ್ಣವಾಗದು ಎಂಬುದನ್ನು ಹೇಳುವುದಕ್ಕಾಗಿಯೇ ಈ ಲೇಖನವನ್ನು ಬರೆಯುತ್ತಿದ್ದೇನೆ.

ಕೆಲಕಾಲ ಲೋಹಶಾಸ್ತ್ರದ ಪಾಠ ಹೇಳಿದವನಾದ ನಾನು, ಬೆಂಗಳೂರಿನ ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ಕಂಡುದನ್ನು ಇಲ್ಲಿ ನಿವೇದಿಸುತ್ತೇನೆ. ಅಲ್ಲಿನ ವೆಲ್ಡರು ಹಾಸನದ ಕಡೆಯವರು. ಇಪ್ಪತ್ತು ವರ್ಷ ಟ್ಯಾಂಕುಗಳಿಗೆ ಬೆಸುಗೆ ಹಾಕಿದ ಮೇಲೆ ಯಂತ್ರಮಾನವನ ತೋಳನ್ನು ನಡೆಸಲು ಕಲಿತವರು. ನನ್ನ ಕೋರಿಕೆಯಂತೆ ಅವರು ಒಂದೇ ಸುರುಳಿಯ 1.2 ಮಿಲಿಮೀಟರ್ ದಪ್ಪದ, ತಾಮ್ರದ ಲೇಪವುಳ್ಳ ಮೃದು ಉಕ್ಕಿನ ತಂತಿಯಿಂದ ಗೇಣುದ್ದದ ಗೋಡೆಯೊಂದನ್ನು ದಪ್ಪ ತಗಡಿನ ಮೇಲೆ ಏರಿಸತೊಡಗಿದರು. ಮೊದಲನೆಯದನ್ನು, ತಂತಿಯ ತುದಿಯಿಂದಲೇ ಚಾಪವು ಹೊತ್ತುವ ಸಾಮಾನ್ಯವಾದ ಮಿಗ್ ವಿಧಾನದಲ್ಲಿ, ನಡುವೆ ನಿಲ್ಲಿಸದೆ ಕಟ್ಟುವುದೆಂದು ಗೊತ್ತಾಗಿತ್ತು. ಕೆಳಗಿನ ನಾಲ್ಕೈದು ಪದರಗಳು ಕಿರಿದಾಗಿ, ಉಬ್ಬಾಗಿ, ಹಗ್ಗವನ್ನು ಮಡಿಸಿ ಇಟ್ಟಂತೆ ಅಚ್ಚುಕಟ್ಟಾಗಿ ಕುಳಿತವು. ಚಾಪದ ಸದ್ದು ಒಗ್ಗರಣೆಯಲ್ಲಿ ಸಾಸಿವೆ ಸಿಡಿಯುವಂತೆ ಒಂದೇ ಸಮನಾಗಿತ್ತು. ಗೋಡೆ ನಾಲ್ಕು ಬೆರಳೆತ್ತರ ಆಗುವಷ್ಟರಲ್ಲಿ ಅವರು ತಲೆಯೆತ್ತಿ, “ಸಾರ್, ಸದ್ದು ಬದಲಾಯ್ತು, ಕೇಳಿ. ಇನ್ನು ಮೇಲೆ ಇದು ನಿಲ್ಲೋದಿಲ್ಲ, ಹರಿಯುತ್ತೆ” ಎಂದರು. ನನ್ನ ಕಿವಿಗೆ ಏನೂ ತಿಳಿಯಲಿಲ್ಲ. ಆದರೆ ಇನ್ನೆರಡು ಪದರಗಳು ಕಳೆಯುವುದರೊಳಗೆ ಕರಗಿದ ಲೋಹವು ಗೋಡೆಯ ಎರಡೂ ಮಗ್ಗುಲಿಗೆ ಉಕ್ಕಿ, ಕೊನೆಯ ತುದಿಯಲ್ಲಿ ಜೋತುಬಿದ್ದುದನ್ನು ಕಣ್ಣಾರೆ ಕಂಡೆ.

ಎರಡನೆಯ ಗೋಡೆಗೆ ಅವರು ಬೇರೆ ವಿದ್ಯುತ್ ಆಕರವನ್ನು ಜೋಡಿಸಿದರು. ತಂತಿಯನ್ನು ಮುಂದೊತ್ತಿ, ಅದರ ತುದಿಯ ಹನಿ ಕೆಳಗಿನ ಲೋಹವನ್ನು ಮುಟ್ಟಿದೊಡನೆ ಹಿಂದಕ್ಕೆ ಎಳೆದುಕೊಳ್ಳುವ, ಸಿಎಮ್‌ಟಿ ಎಂದು ಹೆಸರಾದ ವಿಧಾನವದು. ಅಷ್ಟೇ ಅಲ್ಲದೆ, ಪ್ರತಿ ಪದರದ ಬಳಿಕವೂ ಮೇಲಿನ ಅಂಚು 150 ಡಿಗ್ರಿಗೆ ಇಳಿಯುವ ತನಕ ತೋಳನ್ನು ನಿಲ್ಲಿಸಿದರು. ಪ್ರತಿ ಸಲ ಎಷ್ಟು ಸೆಕೆಂಡು ಕಾಯಬೇಕಾಯಿತೆಂಬುದನ್ನು ಬಿಳಿಯ ಸೀಮೆಸುಣ್ಣದಿಂದ ತಗಡಿನ ಮೇಲೆಯೇ ಗುರುತು ಹಾಕುತ್ತ ಹೋದರು. ಕೆಲಸ ಮುಗಿಯಲು ಮೊದಲಿನದಕ್ಕಿಂತ ಎಷ್ಟೋ ಹೆಚ್ಚು ಹೊತ್ತು ಹಿಡಿಯಿತು. ಇಷ್ಟಕ್ಕೆ ತೃಪ್ತರಾಗದೆ, ಗುಣವು ಯಂತ್ರದ್ದೋ ಕಾದುದರದ್ದೋ ಎಂಬ ಸಂದೇಹ ಉಳಿಯಬಾರದೆಂದು ತಾವಾಗಿಯೇ ಮೂರನೆಯದೊಂದನ್ನು ಹಳೆಯ ಮಿಗ್ ವಿಧಾನದಲ್ಲಿ, ಆದರೆ ಎರಡನೆಯದರಂತೆಯೇ ಆರಿಸುತ್ತ ಕಟ್ಟಿದರು. ಪದರಗಳ ಸಂಖ್ಯೆ ಮೂರಕ್ಕೂ ಒಂದೇ. ಆದರೂ ಮೊದಲನೆಯದು ಮೇಲಕ್ಕೆ ಹೋದಂತೆ ಅಗಲವಾಗುತ್ತ ಬಂದು, ಒಂದು ಬೆರಳಗಲದಷ್ಟು ಗಿಡ್ಡಾಗಿ ನಿಂತಿತು. ಮೂರನ್ನೂ ಅಡ್ಡಡ್ಡ ಕೊಯ್ದು, ಉಜ್ಜಿ ಕನ್ನಡಿಯಂತೆ ಮಾಡಿ, ಮದ್ಯಸಾರದಲ್ಲಿ ಬೆರೆಸಿದ ತೆಳು ನೈಟ್ರಿಕ್ ಆಮ್ಲವನ್ನು ಸವರಿ ಸೂಕ್ಷ್ಮದರ್ಶಕದ ಕೆಳಗಿಟ್ಟಾಗ, ಮೊದಲನೆಯದರ ಮೇಲ್ಭಾಗದಲ್ಲಿ ಲೋಹದ ಕಣಗಳು ಒರಟಾಗಿ ಉಬ್ಬಿದ್ದವು. ಎರಡನೆಯದರಲ್ಲಿ ಬುಡದಿಂದ ಹೆಚ್ಚು ಕಡಿಮೆ ತುದಿಯವರೆಗೆ ಸಣ್ಣದಾಗಿ, ಸಮನಾಗಿ ಕಂಡವು. ಮೂರನೆಯದು ಇವೆರಡರ ನಡುವೆ ನಿಂತಿತು. ಕಾಯುವಿಕೆಗೂ ಬೆಲೆಯಿದೆ, ಚಾಪದ ಜಾತಿಗೂ ಬೆಲೆಯಿದೆ; ಒಂದು ಇನ್ನೊಂದರ ಕೊರತೆಯನ್ನು ಪೂರ್ತಿಯಾಗಿ ತುಂಬಲಾರದು.

ಇದರ ಕಾರಣವನ್ನು ತಿಳಿಯಲು ಅತಿಗಹನವಾದ ಗಣಿತ ಬೇಕಿಲ್ಲ. 20 ವೋಲ್ಟಿನಲ್ಲಿ 150 ಆಂಪಿಯರ್ ಹರಿಯುವ ಚಾಪವು ಸೆಕೆಂಡಿಗೆ 6 ಮಿಲಿಮೀಟರಿನಂತೆ ಸಾಗುತ್ತಿದ್ದರೆ, ಪ್ರತಿ ಮಿಲಿಮೀಟರ್ ದಾರಿಗೆ 500 ಜೂಲುಗಳಷ್ಟು ಶಕ್ತಿ ವ್ಯಯವಾಗುತ್ತದೆ. ಮಿಗ್ ಚಾಪದಲ್ಲಿ ಇದರ ನೂರಕ್ಕೆ 80 ಪಾಲು ಲೋಹಕ್ಕೆ ಸೇರುವುದೆಂದೂ, ಮುಂದೆ ವಿವರಿಸುವ ಟಿಗ್ ಮತ್ತು ಪ್ಲಾಸ್ಮಾ ಚಾಪಗಳಲ್ಲಿ ನೂರಕ್ಕೆ 60ರಷ್ಟು ಮಾತ್ರ ಸೇರುವುದೆಂದೂ ಯೂರೋಪಿನ ಮಾನಕವು ಲೆಕ್ಕ ಹಿಡಿಯುತ್ತದೆ. ಮೊದಲ ಪದರವನ್ನು ಹಾಕುವಾಗ ಈ ಕಾವು ಅಡಿಯ ದಪ್ಪ ತಗಡಿನೊಳಗೆ ಎಲ್ಲ ದಿಕ್ಕಿಗೂ ಹರಡಿಹೋಗುತ್ತದೆ. ಗೋಡೆ ಮೇಲೆದ್ದಂತೆ ಕಾವಿಗೆ ಉಳಿಯುವ ದಾರಿ ಒಂದೇ, ತಾನೇ ಕಟ್ಟಿದ ತೆಳ್ಳನೆಯ ಗೋಡೆಯ ಮೂಲಕ ಕೆಳಕ್ಕೆ ಇಳಿಯುವುದು. ಆ ಗೋಡೆಯೋ ಈಗಾಗಲೇ ಬಿಸಿ. ಹೀಗಾಗಿ ಆಂಪಿಯರೂ ವೋಲ್ಟೂ ವೇಗವೂ ಒಂದು ಕೂದಲೆಳೆಯಷ್ಟೂ ಬದಲಾಗದಿದ್ದರೂ, ಹತ್ತನೆಯ ಪದರವು ಅನುಭವಿಸುವ ತಾಪದ ಕಥೆಯೇ ಬೇರೆ, ಐವತ್ತನೆಯದರದೇ ಬೇರೆ. ಉಕ್ಕು ತನ್ನ ಗುಣವನ್ನು ನಿಶ್ಚಯಿಸಿಕೊಳ್ಳುವುದು ಕರಗಿದಾಗಲ್ಲ, ಆರುವಾಗ. ವಿಶೇಷವಾಗಿ 800 ಡಿಗ್ರಿಯಿಂದ 500 ಡಿಗ್ರಿಗೆ ಇಳಿಯುವ ಕೆಲವೇ ಸೆಕೆಂಡುಗಳಲ್ಲಿ. ಅದರ ಮೇಲೆ ಬರುವ ಪದರಗಳು ಕೆಳಗಿನವನ್ನು ಮತ್ತೆ ಮತ್ತೆ ಕಾಯಿಸುವುದರಿಂದ ಒಂದೊಂದು ಪದರವೂ ಹಲವು ಸಲ ಹದಕ್ಕೆ ಒಳಗಾಗುತ್ತದೆ; ತುತ್ತತುದಿಯ ಕೆಲವು ಪದರಗಳಿಗೆ ಮಾತ್ರ ಆ ಹದ ದಕ್ಕುವುದಿಲ್ಲ. ಒಂದೇ ಕೊಪ್ಪರಿಗೆಯ ಕಬ್ಬಿನ ಹಾಲು ಪಾಕದ ಭೇದದಿಂದ ಅಚ್ಚುಬೆಲ್ಲವಾಗಬಹುದು, ಜೋನಿಬೆಲ್ಲವೂ ಆಗಬಹುದು; ಒಂದೇ ಸುರುಳಿಯ ತಂತಿಗೂ ಅದೇ ಮಾತು ಸಲ್ಲುತ್ತದೆ.

ಚಾಪಗಳ ಜಾತಿಭೇದವನ್ನು ಇಲ್ಲಿ ಸ್ವಲ್ಪ ವಿವರಿಸಬೇಕು. ಮಿಗ್‌ನಲ್ಲಿ ತಂತಿಯೇ ವಿದ್ಯುದ್ವಾರ; ಚಾಪವು ಅದರ ತುದಿಯಿಂದಲೇ ಹೊತ್ತುತ್ತದೆ. ಆದುದರಿಂದ ಹೆಚ್ಚು ಲೋಹ ಬೇಕೆಂದರೆ ಹೆಚ್ಚು ವಿದ್ಯುತ್ತು, ಹೆಚ್ಚು ವಿದ್ಯುತ್ತೆಂದರೆ ಹೆಚ್ಚು ಕಾವು. ಲೋಹವನ್ನೂ ಕಾವನ್ನೂ ಬಿಡಿಸಿ ಹತೋಟಿ ಮಾಡುವುದು ಕಷ್ಟ. ಇದರ ಬಲವಿರುವುದು ವೇಗದಲ್ಲಿ: ಗಂಟೆಗೆ 3–4 ಕಿಲೋ ಲೋಹವನ್ನು ನಿರಾಯಾಸವಾಗಿ ಪೇರಿಸಬಲ್ಲದು. ಟಿಗ್‌ನಲ್ಲಿ ಚಾಪವು ಕರಗದ ಟಂಗ್‌ಸ್ಟನ್ ಕಡ್ಡಿಯಿಂದ ಹೊಮ್ಮುತ್ತದೆ, ತಂತಿಯನ್ನು ಪಕ್ಕದಿಂದ ಉಣಿಸಲಾಗುತ್ತದೆ; ಕಾವು ಬೇರೆ, ಲೋಹ ಬೇರೆ ಆಗಿರುವುದರಿಂದ ಕೆಲಸ ಶುದ್ಧ, ಶಾಂತ; ಆದರೆ ಗಂಟೆಗೆ 1–2 ಕಿಲೋಗಿಂತ ಹೆಚ್ಚು ಸಾಗದು, ಮೂಲೆ ತಿರುಗುವಾಗ ತಂತಿಯ ದಿಕ್ಕೂ ತಿರುಗಬೇಕಾದ ತೊಡಕು ಬೇರೆ. ಪ್ಲಾಸ್ಮಾ ವಿಧಾನವು ಇದೇ ಚಾಪವನ್ನು ಕಿರಿದಾದ ರಂಧ್ರದಲ್ಲಿ ಹಿಂಡಿ, ನೆಟ್ಟಗೂ ತೀಕ್ಷ್ಣವೂ ಆಗುವಂತೆ ಮಾಡುತ್ತದೆ. ಮೇಲೆ ಹೇಳಿದ ಸಿಎಮ್‌ಟಿಯನ್ನು ಆಸ್ಟ್ರಿಯದ ಫ್ರೋನಿಯಸ್ ಕಂಪನಿಯವರು ಈ ಶತಮಾನದ ಮೊದಲ ದಶಕದಲ್ಲಿ ಬಳಕೆಗೆ ತಂದರು. ಮಿಗ್‌ನ ಮನೆತನಕ್ಕೇ ಸೇರಿದ್ದರೂ ಇದರಲ್ಲಿ ಸೆಕೆಂಡಿಗೆ ಹತ್ತಾರು ಸಲ ತಂತಿಯು ಹಿಂದೆ ಸರಿದು, ಹನಿ ಕಳಚುವ ಘಳಿಗೆಯಲ್ಲಿ ವಿದ್ಯುತ್ತು ಬಹುಮಟ್ಟಿಗೆ ನಿಂತೇಹೋಗುವುದರಿಂದ, ಸಿಡಿಯುವುದು ಕಡಿಮೆ, ಕಾವು ಸೇರುವುದೂ ಕಡಿಮೆ.

ಯಾವುದು ಉತ್ತಮವೆಂದು ಕೇಳಿದರೆ, ಯಾವ ಲೋಹಕ್ಕೆಂದು ತಿರುಗಿ ಕೇಳಬೇಕಾಗುತ್ತದೆ. ಅಲ್ಯೂಮಿನಿಯಮ್ಮಿನ ಶತ್ರು ಕಣ್ಣಿಗೆ ಕಾಣದ ಜಲಜನಕ. ಕರಗಿದ ಅಲ್ಯೂಮಿನಿಯಂ ತನ್ನೊಳಗೆ ಹಿಡಿದಿಟ್ಟುಕೊಳ್ಳಬಲ್ಲ ಜಲಜನಕದ ಪ್ರಮಾಣವು ಗಟ್ಟಿಯಾದುದರ ಸುಮಾರು ಇಪ್ಪತ್ತು ಪಾಲು. ತಂತಿಯ ಮೇಲಿನ ತೇವದಿಂದಲೋ ಜಿಡ್ಡಿನಿಂದಲೋ ಒಳಹೊಕ್ಕ ಅನಿಲವು, ಲೋಹ ಹೆಪ್ಪುಗಟ್ಟುವಾಗ ಹೊರಬರಲಾರದೆ ಗುಳ್ಳೆಗಳಾಗಿ ಸಿಕ್ಕಿಕೊಳ್ಳುತ್ತದೆ. ಕಾವು ಹೆಚ್ಚಿದಷ್ಟೂ ಕರಗಿದ ಕೊಳ ದೊಡ್ಡದು, ಗುಳ್ಳೆಗಳಿಗೆ ಅವಕಾಶವೂ ಹೆಚ್ಚು. ಇದರ ಜೊತೆಗೆ ಅಲ್ಯೂಮಿನಿಯಂ ಕರಗುವುದು 660 ಡಿಗ್ರಿಯಲ್ಲಿ, ಅದರ ಮೇಲಿನ ಆಕ್ಸೈಡಿನ ಪೊರೆ ಕರಗುವುದು 2,000 ಡಿಗ್ರಿಯ ಮೇಲೆ. ಆ ಪೊರೆಯನ್ನು ಒಡೆಯದೆ ಪದರಗಳು ಒಂದಾಗವು. ಧ್ರುವಗಳನ್ನು ಅದಲುಬದಲು ಮಾಡುತ್ತ ಮಿಡಿಯುವ ಸುಧಾರಿತ ಸಿಎಮ್‌ಟಿ ಕ್ರಮದಲ್ಲಿ ಕಾವು ತಗ್ಗುವುದರೊಡನೆ ತಂತಿಯ ತುದಿಯಲ್ಲಿನ ಪೊರೆಯೂ ಶುದ್ಧವಾಗುವುದರಿಂದ, ಅದೇ ತಂತಿಯಿಂದ ಕಟ್ಟಿದ ಗೋಡೆಯಲ್ಲಿ ಗುಳ್ಳೆಗಳು ಬಹಳಷ್ಟು ಕಡಿಮೆಯಾಗುತ್ತವೆ. ಲೋಹದ ಹೆಸರನ್ನು ಮಾತ್ರ ಬರೆದ ಖರೀದಿದಾರನಿಗೆ ಗುಳ್ಳೆ ತುಂಬಿದ ಗೋಡೆಯೂ ಗಟ್ಟಿಯಾದ ಗೋಡೆಯೂ ಕಾಗದದ ಮೇಲೆ ಒಂದೇ ಆಗಿ ತೋರುವುದು ಎಂಥ ಅಪಾಯ!

ಟೈಟೇನಿಯಮ್ಮಿನ ಸಂಗತಿಯೇ ಬೇರೆ. ಮಿಗ್ ಚಾಪವು ಅದರ ಮೇಲೆ ಒಂದೆಡೆ ನೆಲೆನಿಲ್ಲದೆ ಅಲೆದಾಡುವುದರಿಂದ ಅದಕ್ಕೆ ಪ್ಲಾಸ್ಮಾ ಅಥವಾ ಟಿಗ್ ಚಾಪವೇ ರೂಢಿ; ಬಿಸಿ ಟೈಟೇನಿಯಂ ಗಾಳಿಯ ಆಮ್ಲಜನಕವನ್ನು ಹೀರಿ ಪೆಡಸಾಗುವುದರಿಂದ, ಚಾಪ ಮುಂದೆ ಸಾಗಿದ ಬಳಿಕವೂ ಅದರ ಬೆನ್ನಿಗೆ ಆರ್ಗಾನ್ ಅನಿಲದ ಸೆರಗನ್ನು ಹೊದಿಸಿಯೇ ಇರಬೇಕು. ಇಷ್ಟೆಲ್ಲ ಎಚ್ಚರ ವಹಿಸಿದರೂ ಮತ್ತೊಂದು ತೊಡಕು ಉಳಿಯುತ್ತದೆ. ಲೋಹವು ಹೆಪ್ಪುಗಟ್ಟುವಾಗ ಹೊಸ ಪದರದ ಸ್ಫಟಿಕಗಳು ಕೆಳಗಿನ ಪದರದ ಸ್ಫಟಿಕಗಳನ್ನೇ ಬುಡವಾಗಿ ಮಾಡಿಕೊಂಡು ಬೆಳೆಯುವುದರಿಂದ, ಅಡಿಯಿಂದ ಮುಡಿಯವರೆಗೆ ಅನೇಕ ಪದರಗಳನ್ನು ಸೀಳಿಕೊಂಡು ಎದ್ದ ನೀಳ ಕಂಬಗಳಂತಹ ಕಣಗಳು ಉಂಟಾಗುತ್ತವೆ. ಮರಕ್ಕೆ ಎಳೆಯ ದಿಕ್ಕಿದ್ದಂತೆ ಅಂಥ ಲೋಹಕ್ಕೂ ದಿಕ್ಕು ಬರುತ್ತದೆ. ಎಳೆಯ ಉದ್ದಕ್ಕೆ ಒಂದು ಗುಣ, ಅಡ್ಡಕ್ಕೆ ಇನ್ನೊಂದು. ಕ್ರಾನ್‌ಫೀಲ್ಡಿನವರು ಇದಕ್ಕೆ ಕಂಡುಕೊಂಡ ಪರಿಹಾರ ಚೆಲುವಾದುದು: ಪ್ರತಿ ಪದರ ಆರಿದ ಮೇಲೆ ಭಾರವಾದ ರೋಲರಿನಿಂದ ಅದನ್ನು ಒತ್ತುವುದು. ಒತ್ತಿದ ಲೋಹವು ಮುಂದಿನ ಪದರದ ಕಾವಿಗೆ ಮತ್ತೆ ಹೊಸ ಸಣ್ಣ ಕಣಗಳಾಗಿ ಒಡೆದುಕೊಳ್ಳುತ್ತದೆ. ಒಳಗಿನ ಸೆಳೆತವೂ ತಗ್ಗುತ್ತದೆ. ಕುಲುಮೆಯ ಸುತ್ತಿಗೆಯು ಸಾವಿರಾರು ವರ್ಷಗಳಿಂದ ಕಬ್ಬಿಣಕ್ಕೆ ಮಾಡುತ್ತ ಬಂದ ಉಪಕಾರವನ್ನು ಇಲ್ಲಿ ರೋಲರು ಪದರಪದರಕ್ಕೂ ಮಾಡುತ್ತದೆ.

ಸೆಳೆತವೆಂದೆನಷ್ಟೆ, ಅದನ್ನೂ ಸ್ವಲ್ಪ ನೋಡೋಣ. ಮೀಟರುದ್ದದ ಉಕ್ಕಿನ ಪಟ್ಟಿಯೊಂದು ಯಾರ ತಡೆಯೂ ಇಲ್ಲದೆ 500 ಡಿಗ್ರಿಯಷ್ಟು ತಣಿದರೆ ಸುಮಾರು 6 ಮಿಲಿಮೀಟರ್ ಗಿಡ್ಡಾಗುತ್ತದೆ. ಬೆಸುಗೆಯ ಪದರಕ್ಕೆ ಹಾಗೆ ಕುಗ್ಗುವ ಸ್ವಾತಂತ್ರ್ಯವಿಲ್ಲ. ಕೆಳಗಿನ ತಣ್ಣನೆಯ ಲೋಹ ಅದನ್ನು ಹಿಡಿದುಕೊಂಡಿರುತ್ತದೆ. ಆ ಕುಗ್ಗಲಾರದ ಸಂಕಟವು ಒಳಗೇ ಉಳಿದು, ತಗಡಿನ ಎರಡು ತುದಿಗಳನ್ನು ದೋಣಿಯಂತೆ ಮೇಲಕ್ಕೆತ್ತುತ್ತದೆ. ಬಿಗಿದ ಹಿಡಿಕೆಗಳನ್ನು ಸಡಿಲಿಸಿದ ದಿನವೋ ಲೇತಿನ ಮೇಲೆ ಒಂದು ಪದರವನ್ನು ಕೆತ್ತಿದ ದಿನವೋ ಭಾಗವು ತಟ್ಟನೆ ಸೊಟ್ಟಗಾಗಿ ತನ್ನ ಗುಟ್ಟನ್ನು ಹೊರಹಾಕುತ್ತದೆ. ಸ್ಟೇನ್‌ಲೆಸ್ ಸ್ಟೀಲು ಮೃದು ಉಕ್ಕಿನ ಸುಮಾರು ಒಂದೂವರೆ ಪಾಲಿನಷ್ಟು ಹಿಗ್ಗುವುದರಿಂದಲೂ, ಕಾವನ್ನು ಅದರ ಮೂರರಲ್ಲೊಂದು ಪಾಲಿನಷ್ಟು ಮಾತ್ರ ಸಾಗಿಸುವುದರಿಂದಲೂ ಅಲ್ಲಿ ಈ ತೊಂದರೆ ಇಮ್ಮಡಿಯಾಗುತ್ತದೆ. ಆಮ್‌ಸ್ಟರ್‌ಡ್ಯಾಮಿನ ಸೇತುವೆಯ ಲೋಹವನ್ನು ಲಂಡನ್ನಿನ ಇಂಪೀರಿಯಲ್ ಕಾಲೇಜಿನವರು ಪರೀಕ್ಷಿಸಿದಾಗ, ಅದರ ಬಿಗುವು ದಿಕ್ಕಿಗೆ ತಕ್ಕಂತೆ ಬದಲಾಗುವುದನ್ನೂ, ಪದರಗಳಿಗೆ 45 ಡಿಗ್ರಿ ಓರೆಯಾಗಿ ಎಳೆದಾಗ ಅದು ಅತ್ಯಧಿಕವಾಗಿರುವುದನ್ನೂ ಕಂಡರು. ಸ್ಟೇನ್‌ಲೆಸ್ ಸ್ಟೀಲಿನ ಗುಣವೇನೆಂದು ಕೈಪಿಡಿಯ ಪುಟವನ್ನು ನೋಡಿ ಲೆಕ್ಕ ಹಾಕಿದ್ದರೆ ಅವರು ತಪ್ಪುತ್ತಿದ್ದರು. ಅವರು ಹಾಗೆ ಮಾಡಲಿಲ್ಲ. ಸೇತುವೆಯನ್ನು ಕಟ್ಟಿದ ಕ್ರಮದಲ್ಲೇ ಕಟ್ಟಿದ ತುಣುಕುಗಳನ್ನು ಎಳೆದು ನೋಡಿದರು, ಸೇತುವೆಯ ಮೇಲೆಯೇ ಭಾರವಿಟ್ಟು ಪರೀಕ್ಷಿಸಿದರು, ಜನ ನಡೆದಾಡುವಾಗಲೂ ಅದರ ನಾಡಿಯನ್ನು ಹಿಡಿದುಕೊಂಡಿರಲೆಂದು ಸಂವೇದಕಗಳನ್ನು ಅಳವಡಿಸಿದರು. ಆ ಸೇತುವೆಯ ಸೊಬಗಿಗಿಂತ ಹೆಚ್ಚಾಗಿ ಅದನ್ನು ಕಟ್ಟಿದವರ, ಪರೀಕ್ಷಿಸಿದವರ ಈ ಸಂಯಮವೇ ನಮಗೆ ಅನುಕರಣೀಯವಾದುದು.

ಯಂತ್ರಮಾನವನು ಒಂದೇ ಕೆಲಸವನ್ನು ಸಾವಿರ ಸಲ ಒಂದೇ ರೀತಿಯಲ್ಲಿ ಮಾಡುವುದರಿಂದ ಮನುಷ್ಯನ ಕೈಯ ವ್ಯತ್ಯಾಸ ಇಲ್ಲಿಲ್ಲ, ಆದುದರಿಂದ ಇಷ್ಟು ಚಿಂತೆ ಬೇಡವೆಂದು ವಾದಿಸುವವರಿದ್ದಾರೆ. ಯಂತ್ರಮಾನವನು ಪುನರಾವರ್ತಿಸುವುದು ಆಜ್ಞೆಯನ್ನು, ಫಲವನ್ನಲ್ಲ. ಬುಡದಲ್ಲಿ ಸರಿಯಾಗಿದ್ದ ಅದೇ ಆಜ್ಞೆಯು ಗೋಡೆ ಏರಿದಂತೆ ತಪ್ಪಾಗುತ್ತ ಹೋಗುವುದನ್ನು ಆ ಮೊದಲನೆಯ ಗೋಡೆ ಸ್ಪಷ್ಟವಾಗಿ ತೋರಿಸಿತು; ಅದನ್ನು ಮೊದಲು ಗುರುತಿಸಿದ್ದು ಗಣಕವಲ್ಲ, ಇಪ್ಪತ್ತು ವರ್ಷ ಚಾಪದ ಸದ್ದನ್ನು ಕೇಳಿದ ಒಂದು ಕಿವಿ. ಮೇಲ್ಮೈಯನ್ನು ಹೇಗೂ ಮಿಲ್ಲಿಂಗ್ ಯಂತ್ರದಲ್ಲಿ ಕೆತ್ತಿ ನಯಗೊಳಿಸುವುದರಿಂದ ದೋಷಗಳು ಹೋಗುತ್ತವೆಯೆಂಬ ವಾದವೂ ನಿಲ್ಲದು. ಕೆತ್ತುವಿಕೆಯು ಏರುತಗ್ಗನ್ನು ಕಳೆಯಬಲ್ಲದು, ಒಳಗಿನ ಒರಟು ಕಣವನ್ನಾಗಲಿ ಗುಳ್ಳೆಯನ್ನಾಗಲಿ ಸೆಳೆತವನ್ನಾಗಲಿ ಕಳೆಯಲಾರದು. ಇವಕ್ಕಿಂತ ತೂಕವುಳ್ಳ ಆಕ್ಷೇಪ ಸಣ್ಣ ಕಾರ್ಖಾನೆಯವರದು: ಕಾಯುತ್ತ ಕುಳಿತರೆ ಗಂಟೆಗೆ 3–4 ಕಿಲೋ ಎಂಬ ಲಾಭವೇ ಕರಗಿಹೋಗುತ್ತದೆ, ದಾಖಲೆ ಬರೆಯುತ್ತ ಕುಳಿತರೆ ಕೆಲಸವೇ ಸಾಗದು ಎಂದು ಅವರು ಹೇಳುತ್ತಾರೆ. ಅವರ ಕಷ್ಟವನ್ನು ನಾನು ಅಲ್ಲಗಳೆಯೆನು. ಆದರೆ ಕಾಯುವುದೆಂದರೆ ಯಂತ್ರ ಸುಮ್ಮನೆ ನಿಲ್ಲಬೇಕೆಂದೇನೂ ಇಲ್ಲ; ಒಂದು ಗೋಡೆ ಆರುವಾಗ ತೋಳು ಪಕ್ಕದ ಇನ್ನೊಂದಕ್ಕೆ ಪದರ ಹಾಕಬಹುದು. ಮಣ್ಣಿನ ಗೋಡೆಯವನು ಮನೆಯ ಸುತ್ತಲೂ ಒಂದೇ ವರಸೆಯನ್ನು ಹಾಕುತ್ತ ಬರುತ್ತಿದ್ದುದು ಇದೇ ಜಾಣತನದಿಂದ. ದಾಖಲೆಯನ್ನಾದರೋ ಇಂದಿನ ವಿದ್ಯುತ್ ಆಕರಗಳೇ ಕ್ಷಣಕ್ಷಣಕ್ಕೂ ಬರೆದಿಡಬಲ್ಲವು. ಬೇಕಾಗಿರುವುದು ಅದನ್ನು ಅಳಿಸದೆ ಉಳಿಸಿ, ಭಾಗದ ಜೊತೆಗೆ ಕಳುಹಿಸುವ ಶಿಸ್ತು ಮಾತ್ರ.

ಕ್ರಮವನ್ನು ಅರಿಯದೆ ಬೆಸುಗೆಯನ್ನು ವಿಸ್ತರಿಸಿದರೆ ಏನಾಗುವುದೆಂಬುದಕ್ಕೆ ಇತಿಹಾಸದಲ್ಲಿ ಸಾಕ್ಷಿಯಿದೆ. ಎರಡನೆಯ ಮಹಾಯುದ್ಧದ ಅವಸರದಲ್ಲಿ ಅಮೆರಿಕದವರು ರಿವೆಟ್ಟುಗಳನ್ನು ಬಿಟ್ಟು ಬೆಸುಗೆಯಿಂದಲೇ ಸಾವಿರಾರು ಹಡಗುಗಳನ್ನು ಕಟ್ಟಿದರು. 1943ರ ಜನವರಿಯ ಒಂದು ಚಳಿರಾತ್ರಿ, ಆರಿಗನ್ ಪ್ರಾಂತದ ಪೋರ್ಟ್‌ಲ್ಯಾಂಡಿನಲ್ಲಿ ಸ್ಕೆನೆಕ್ಟಡಿ ಎಂಬ ಹೊಸ ತೈಲವಾಹಕ ಹಡಗು, ಬಿರುಗಾಳಿಯಿಲ್ಲದೆ, ಶತ್ರುವಿಲ್ಲದೆ, ದಡಕ್ಕೆ ಕಟ್ಟಿದ್ದಲ್ಲಿಯೇ ನಡುಮುರಿದು ಬಿತ್ತು. ಮೊದಲ ದೂರು ಬೆಸುಗೆ ಹಾಕಿದ ಕೈಗಳ ಮೇಲೆ ಬಂದಿತು. ಆ ಕಾಲದ ಉಕ್ಕು ಚಳಿಯಲ್ಲಿ ಗಾಜಿನಂತೆ ಪೆಡಸಾಗುತ್ತಿತ್ತೆಂಬುದನ್ನು ಕೇಂಬ್ರಿಜ್ಜಿನ ಕಾನ್‌ಸ್ಟೆನ್ಸ್ ಟಿಪ್ಪರ್ ಎಂಬ ವಿದುಷಿ ಅನಂತರ ತೋರಿಸಿಕೊಟ್ಟರು. ರಿವೆಟ್ಟಿನ ಹಡಗಿನಲ್ಲಿ ಒಂದು ತಗಡಿನ ಅಂಚಿಗೆ ನಿಲ್ಲುತ್ತಿದ್ದ ಬಿರುಕಿಗೆ, ಬೆಸುಗೆಯಿಂದ ಒಂದಾದ ಹಡಗಿನಲ್ಲಿ ತಡೆಯೇ ಇರಲಿಲ್ಲ. ವಾಮ್ ವಿಧಾನದ ಭಾಗವೋ ಅಡಿಯಿಂದ ಮುಡಿಯವರೆಗೆ ಬೆಸುಗೆಯೇ. ಅಲ್ಲಿ ಕಲಿತ ಪಾಠವನ್ನು ಇಲ್ಲಿ ಮತ್ತೆ ಅಪಘಾತದಿಂದಲೇ ಕಲಿಯಬೇಕಾದ ದುರ್ಗತಿ ನಮಗೆ ಬಾರದಿರಲಿ. ಬಂದರೂ ತಪ್ಪನ್ನು ಬಡ ವೆಲ್ಡರನ ತಲೆಗೆ ಕಟ್ಟುವ ಅನ್ಯಾಯವೂ ನಡೆಯದಿರಲಿ.

ಈ ಮಾತನ್ನು ಕನ್ನಡದ ಪತ್ರಿಕೆಯಲ್ಲಿ ಆಡಲು ಕಾರಣವೇನೆಂದರೆ, ವಿಮಾನ, ಉಪಗ್ರಹ, ಯಂತ್ರೋಪಕರಣಗಳ ನಗರವಾದ ಬೆಂಗಳೂರಿನಲ್ಲಿ ಈ ವಿದ್ಯೆ ಬೇರೂರುವುದು ನಿಶ್ಚಿತ. ಲೇಸರಿನಿಂದ ಲೋಹದ ಪುಡಿಯನ್ನು ಕರಗಿಸುವ ಸೋದರ ವಿಧಾನದಲ್ಲಿ ಇಲ್ಲಿನ ವಿಪ್ರೋ 3ಡಿಯವರು ಇಸ್ರೋಗಾಗಿ ಪಿಎಸ್‌ಎಲ್‌ವಿ ರಾಕೆಟ್ಟಿನ ನಾಲ್ಕನೆಯ ಹಂತದ ಎಂಜಿನನ್ನು ತಯಾರಿಸಿಕೊಟ್ಟರು. 2024ರ ಮೇ ತಿಂಗಳಲ್ಲಿ ಅದು 665 ಸೆಕೆಂಡುಗಳ ಪರೀಕ್ಷೆಯಲ್ಲಿ ಉರಿಯಿತು. 14 ಭಾಗಗಳು ಒಂದಾದುವು, 19 ಬೆಸುಗೆಗಳು ಇಲ್ಲವಾದುವು, 565 ಕಿಲೋ ಲೋಹ ಬೇಕಾಗುತ್ತಿದ್ದಲ್ಲಿ 13.7 ಕಿಲೋ ಪುಡಿ ಸಾಕಾಯಿತು. ಸಣ್ಣ, ನಾಜೂಕಾದ ಭಾಗಗಳಿಗೆ ಲೇಸರು ಸರಿ. ಆಳೆತ್ತರದ, ಮಣಭಾರದ ಭಾಗಗಳಿಗೆ ಚಾಪವೇ ಗತಿ. ಪೀಣ್ಯದ ಶೆಡ್ಡುಗಳಲ್ಲಿಯೂ, ಎರಕದ ಕೆಲಸಕ್ಕೆ ಹೆಸರಾದ ಬೆಳಗಾವಿಯಲ್ಲಿಯೂ, ಮುರಿದ ಗೇರನ್ನೋ ಸವೆದ ಅಚ್ಚನ್ನೋ ತುಂಬಿ ಕಟ್ಟುವ ಕೆಲಸಕ್ಕೆ ಇದು ವರವಾಗಬಲ್ಲದು. ಹೀಗೆ ಪದರಪದರವಾಗಿ ಕಟ್ಟುವ ‘ಸಂಕಲನ ತಯಾರಿಕೆ’ಗೆ ರಾಷ್ಟ್ರೀಯ ನೀತಿಯೊಂದನ್ನು ಕೇಂದ್ರ ಸರಕಾರವು 2022ರ ಫೆಬ್ರವರಿಯಲ್ಲಿ ಪ್ರಕಟಿಸಿದೆ. ತಿರುಚಿರಾಪಳ್ಳಿಯಲ್ಲಿ 1975ರಿಂದ ಬೆಸುಗೆಯ ಸಂಶೋಧನೆಗೆಂದೇ ಮೀಸಲಾದ ಸಂಸ್ಥೆಯಿದೆ. ಸಾಮಗ್ರಿ ಇದೆ, ಬುದ್ಧಿ ಇದೆ. ಕ್ರಮಕ್ಕೆ ಕೊಡಬೇಕಾದ ಗೌರವ ಮಾತ್ರ ಇನ್ನೂ ಬಂದಿಲ್ಲ.

ಆ ಗೌರವವು ಮೂರು ರೂಪದಲ್ಲಿ ಬರಬೇಕೆಂದು ನನ್ನ ನಿವೇದನೆ. ಖರೀದಿ ಮಾಡುವವರು, ಅದರಲ್ಲಿಯೂ ಸಾರ್ವಜನಿಕ ಉದ್ದಿಮೆಗಳು, ತಮ್ಮ ಡ್ರಾಯಿಂಗಿನಲ್ಲಿ ಚಾಪದ ವಿಧ, ಕಾವಿನ ಮಿತಿ, ಎರಡು ಪದರಗಳ ನಡುವಣ ತಾಪ, ಕಟ್ಟುವ ದಿಕ್ಕು ಇವನ್ನು ಲೋಹದ ಹೆಸರಿನ ಪಕ್ಕದಲ್ಲಿಯೇ ಬರೆಯತಕ್ಕದ್ದು. ಭಾಗದ ಜೊತೆಗೆ ಅದೇ ಕ್ರಮದಲ್ಲಿ ಕಟ್ಟಿದ ಗೋಡೆಯೊಂದನ್ನು ಉದ್ದಕ್ಕೂ ಅಡ್ಡಕ್ಕೂ ಕೊಯ್ದು ಪರೀಕ್ಷಿಸಿದ ಫಲಿತಾಂಶವನ್ನು ಕೇಳತಕ್ಕದ್ದು. ಕಟ್ಟುವವರು ಪ್ರತಿಯೊಂದು ಭಾಗಕ್ಕೂ ಅದರ ತಾಪದ ಜಾತಕವನ್ನು ಬರೆದು ಒಪ್ಪಿಸತಕ್ಕದ್ದು. ಐಟಿಐ ಮತ್ತು ಪಾಲಿಟೆಕ್ನಿಕ್ಕುಗಳಲ್ಲಿ ಯಂತ್ರಮಾನವನನ್ನು ತಂದು ನಿಲ್ಲಿಸುವ ಮೊದಲು, ಕೊಯ್ದು ಉಜ್ಜಿ ಆಮ್ಲ ಸವರಿ ನೋಡುವ ಒಂದು ಮೇಜನ್ನು ಹಾಕತಕ್ಕದ್ದು. ಅದಕ್ಕೆ ತಗಲುವ ವೆಚ್ಚ ಯಂತ್ರಮಾನವನ ಬೆಲೆಯ ಮುಂದೆ ಏನೇನೂ ಅಲ್ಲ, ತನ್ನ ಕೈ ಮಾಡಿದ್ದರ ಒಳಗನ್ನು ಒಮ್ಮೆ ಕಂಡ ಹುಡುಗನು ಮತ್ತೆ ಎಂದೂ ಅವಸರಪಡುವುದಿಲ್ಲ. ಮತ್ತು ಆ ಮೇಜಿನ ಬಳಿ ಪಾಠ ಹೇಳಲು ಅನುಭವಿ ವೆಲ್ಡರುಗಳನ್ನು ಮರ್ಯಾದೆಯಿಂದ ಕರೆತರಬೇಕು. ಡಿಗ್ರಿಯಿಲ್ಲವೆಂಬ ಒಂದೇ ಕಾರಣಕ್ಕೆ ಅವರ ಕಿವಿಯೂ ಕಣ್ಣೂ ಅವರೊಂದಿಗೇ ನಿವೃತ್ತವಾಗುವುದು ನಾಡಿಗೆ ನಷ್ಟ.

ಪೀಣ್ಯದಿಂದ ತಂದ ಮೂರು ತುಣುಕುಗಳು ಈಗ ನನ್ನ ಮೇಜಿನ ಮೇಲಿವೆ. ಉಜ್ಜಿದ ಮೇಲ್ಮೈಯನ್ನು ಕೆಳಗೆ ಮಾಡಿಟ್ಟರೆ, ಗಿಡ್ಡಾದುದೊಂದನ್ನು ಬಿಟ್ಟು ಉಳಿದೆರಡರಲ್ಲಿ ಯಾವುದು ಯಾವುದೆಂದು ನನಗೂ ಗೊತ್ತಾಗುವುದಿಲ್ಲ. ಗೊತ್ತುಮಾಡಿಕೊಡುವುದು ಬುಡದ ತಗಡಿನ ಮೇಲೆ ಆ ವೆಲ್ಡರು ಸೀಮೆಸುಣ್ಣದಲ್ಲಿ ಬರೆದ ಅಂಕಿಗಳು: 150 ಎಂಬ ತಾಪ, ಅದರ ಕೆಳಗೆ ಸಾಲಾಗಿ ಕಾದ ಸೆಕೆಂಡುಗಳು, ಮೂಲೆಯಲ್ಲಿ ಅವರ ಹೆಸರಿನ ಮೊದಲ ಅಕ್ಷರ. ಕೈ ತಾಗಿ ತಾಗಿ ಕೆಲವು ಅಂಕಿಗಳು ಆಗಲೇ ಮಾಸಿವೆ. ಅವು ಪೂರ್ತಿಯಾಗಿ ಅಳಿಸಿಹೋದ ದಿನ ನನ್ನ ಬಳಿ ಉಳಿಯುವುದು ಬರಿಯ ಕಬ್ಬಿಣದ ತುಂಡುಗಳು ಮಾತ್ರ. ಆದುದರಿಂದ ಈ ಲೇಖನವನ್ನು ಮುಗಿಸಿದೊಡನೆ ನಾನು ಮಾಡಬೇಕೆಂದಿರುವ ಮೊದಲ ಕೆಲಸ, ಉಳಿದಿರುವ ಆ ಅಂಕಿಗಳನ್ನು ಒಂದು ಕಾಗದಕ್ಕೆ ಇಳಿಸಿ ತುಣುಕಿಗೆ ಕಟ್ಟುವುದು.